ಕೇಸರಿ ನೀಲಿ ಗೆರೆ ಯಾಕೆ ನಡುಗುತ್ತೆ? | ಮಡಿಕೇರಿ ಮಳೆಯಲ್ಲಿ ಸ್ಕ್ರೀನ್ ಪ್ರಿಂಟಿಂಗ್

ಎಲ್ರಿಗೂ ನಮಸ್ಕಾರ. ಈಗ ಕಾಣ್ತಿರೋದು ಕೈಯಲ್ಲಿ ಮಾಡಿರೋ ಸ್ಕ್ರೀನ್ ಪ್ರಿಂಟು, ವಿಡಿಯೋಗೆ ಯಾವ ಎಫೆಕ್ಟೂ ಹಾಕಿಲ್ಲ. ಒಂದು ಕೇಸರಿ ಪಟ್ಟಿ, ಪಕ್ಕದಲ್ಲಿ ನೀಲಿ, ಮತ್ತೆ ಕೇಸರಿ, ಇಷ್ಟೇ ಇರೋದು, ಆದ್ರೆ ಎರಡೂ ಸೇರೋ ಅಂಚನ್ನ ಸ್ವಲ್ಪ ಹೊತ್ತು ನೋಡ್ತಾ ಇರಿ, ನಿಂತಲ್ಲಿ ನಿಲ್ಲಲ್ಲ ಅದು, ನಡುಗ್ತಾನೇ ಇರುತ್ತೆ.

ಆಪೋಸಿಟ್ ಕಲರ್ ಪಕ್ಕಪಕ್ಕ ಇಟ್ರೆ ಸಾಕು ಅಂತ ತುಂಬಾ ಜನ ಅಂದ್ಕೊಂಡಿರ್ತಾರೆ. ಸಾಕಾಗಲ್ಲ. ಎರಡೂ ಬಣ್ಣ ಎಷ್ಟು ತಿಳಿ, ಎಷ್ಟು ಡಾರ್ಕ್ ಅನ್ನೋದು ಒಂದೇ ಮಟ್ಟಕ್ಕೆ ಬರಬೇಕು. ವಸ್ತು ಎಲ್ಲಿದೆ, ಅಲುಗಾಡ್ತಿದ್ಯಾ ಅಂತ ನೋಡೋ ಭಾಗ ನಮ್ಮ ಮಿದುಳಲ್ಲಿ ಹೆಚ್ಚಾಗಿ ಬೆಳಕಿನ ವ್ಯತ್ಯಾಸನೇ ನೆಚ್ಕೊಂಡಿರುತ್ತೆ, ಬಣ್ಣ ಅದಕ್ಕೆ ಅಷ್ಟಾಗಿ ಗೊತ್ತಾಗಲ್ಲ, ಹಂಗಾಗಿ ಬಣ್ಣ ಗುರುತಿಸೋ ಭಾಗ ಇಲ್ಲಿ ಗೆರೆ ಉಂಟು ಅನ್ನುತ್ತೆ, ಇನ್ನೊಂದಕ್ಕೆ ಆ ಗೆರೆ ಸರಿಯಾಗಿ ಸಿಗೋದೇ ಇಲ್ಲ. ಚೌಕದೊಳಗೆ ಚೌಕ ಇಟ್ಟು 1950ರಿಂದ 1976ರಲ್ಲಿ ತೀರಿಕೊಳ್ಳೋವರೆಗೂ ಬಣ್ಣನೇ ಪರೀಕ್ಷೆ ಮಾಡ್ತಾ ಕೂತಿದ್ದ ಚಿತ್ರಕಲಾವಿದ ಜೋಸೆಫ್ ಆಲ್ಬರ್ಸ್ ಕೂಡ ಈ ನಡುಗೋ ಅಂಚಿನ ಬಗ್ಗೆ 1963ರಲ್ಲೇ ಬರೆದಿದ್ರು, ಸ್ಕ್ರೀನ್ ಪ್ರಿಂಟ್ ಹಾಳೆಗಳಲ್ಲೇ ತೋರಿಸಿದ್ರು. ಬ್ರಿಟಿಷ್ ಕಲಾವಿದೆ ಬ್ರಿಜೆಟ್ ರೈಲಿ ಅವರ ಕಪ್ಪು ಬಿಳುಪು ಕೆಲಸಗಳೂ ಅಲುಗಾಡುತ್ತವೆ, ಆದ್ರೆ ಅಲ್ಲಿ ಆಟ ಆಕಾರದ್ದು, ಅದು ಬೇರೆ ಕಥೆ.

ಈಗ ಈ ಡಬ್ಬಿ ನೋಡಿ. ಇಂಕ್ ಬಂದಂಗೇ ಹಚ್ಚಿದ್ರೆ ನೀಲಿ ಕೇಸರಿಗಿಂತ ಎಷ್ಟೋ ಡಾರ್ಕು, ಅಂಚು ಗಟ್ಟಿಯಾಗಿ ಕೂರುತ್ತೆ. ಚಮಚದ ತುದಿಯಲ್ಲಿ ಬಿಳಿ ಸ್ವಲ್ಪ, ಮತ್ತೆ ಸ್ವಲ್ಪ ಸೇರಿಸಿ, ತುಂಡು ಪೇಪರ್ ಮೇಲೆ ಕೇಸರಿ ಪಕ್ಕ ಎಳೆದು, ಪೂರ್ತಿ ಒಣಗಿದ ಮೇಲೆ ಫೋನಲ್ಲಿ ಬ್ಲ್ಯಾಕ್ ಅಂಡ್ ವೈಟ್ ಫೋಟೋ ತೆಗೀಬೇಕು. ಒಣಗೋದು ಮುಖ್ಯ, ಯಾಕಂದ್ರೆ ಅಕ್ರಿಲಿಕ್ ಇಂಕ್ ಒಣಗಿದಾಗ ಇನ್ನೂ ಒಂಚೂರು ಡಾರ್ಕ್ ಆಗುತ್ತೆ. ಫೋಟೋದಲ್ಲಿ ಎರಡೂ ಸೇರಿ ಒಂದೇ ಬೂದು ಬಣ್ಣ ಆಗಿ ಗೆರೆ ಮಾಯ ಆಯ್ತು ಅಂದ್ರೆ ಸರಿಸುಮಾರು ಹತ್ರ ಬಂದ್ವಿ, ಆಮೇಲೆ ಕಣ್ಣೇ ಹೇಳಬೇಕು.

ಇನ್ನೊಂದು ವಿಷಯ ನಂಗೆ ತುಂಬಾ ಇಷ್ಟ. ನಮ್ಮ ಕಡೆ ಕಾಫಿ ಹಣ್ಣಾದಾಗ ಮಧ್ಯಾಹ್ನ ಕೆಂಪು ಹಣ್ಣು ಎಲೆ ಮಧ್ಯೆ ಎದ್ದು ಕಾಣುತ್ತಲ್ಲ, ಅದೇ ಗಿಡನ ಕತ್ತಲಾಗ್ತಾ ಬರುವಾಗ ನೋಡಿ, ಹಣ್ಣು ಕಪ್ಪಾಗುತ್ತೆ, ಎಲೆನೇ ತಿಳಿಯಾಗಿ ಕಾಣುತ್ತೆ. ಮಬ್ಬು ಬೆಳಕಲ್ಲಿ ಕಣ್ಣಿಗೆ ಕೆಂಪು ಮೊದಲು ಮಂಕಾಗುತ್ತೆ, ನೀಲಿ ಹಸಿರು ಉಳ್ಕೊಳ್ತವೆ, ಇದನ್ನ ಗುರುತಿಸಿದ ವಿಜ್ಞಾನಿ ಪುರ್ಕಿಂಜೆ ಹೆಸರೇ ಇದಕ್ಕೆ ಇಟ್ಟಿದ್ದಾರೆ. ಈ ಪ್ರಿಂಟನ್ನೂ ಲೈಟ್ ಹಾಕದೆ ಕಿಟಕಿ ಹತ್ರ ಇಟ್ರೆ ಸಂಜೆ ಕೇಸರಿ ಇಳಿದು ನೀಲಿ ಮೇಲೆ ಬರುತ್ತೆ, ಸಮ ತಪ್ಪುತ್ತೆ, ನಡುಕ ನಿಂತೇ ಹೋಗುತ್ತೆ!

ಜುಲೈನಲ್ಲಿ ಮಡಿಕೇರಿಯಲ್ಲಿ ಪ್ರಿಂಟ್ ಮಾಡೋರಿಗೆ ನಿಜವಾದ ಕಷ್ಟ ಪೇಪರ್. ತೇವ ಕುಡಿದು ಹಿಗ್ಗುತ್ತೆ, ಮೊದಲ ಬಣ್ಣ ಇವತ್ತು ಎಳೆದು ಎರಡನೇದು ನಾಳೆ ಎಳೆದ್ರೆ ರಿಜಿಸ್ಟ್ರೇಷನ್, ಅಂದ್ರೆ ಎರಡೂ ಬಣ್ಣ ತಮ್ಮ ತಮ್ಮ ಜಾಗಕ್ಕೆ ಸರಿಯಾಗಿ ಬರೋದು, ಕೂರಲ್ಲ. ಅಂಚಲ್ಲಿ ಕೂದಲೆಳೆಯಷ್ಟು ಬಿಳಿ ಬಿಟ್ಟರೂ ಕಷ್ಟ, ಒಂದರ ಮೇಲೊಂದು ಹತ್ತಿ ಡಾರ್ಕ್ ಗೆರೆ ಬಿದ್ದರೂ ಕಷ್ಟ, ಕಣ್ಣು ಆ ಗೆರೆನ ಹಿಡ್ಕೊಂಡುಬಿಡುತ್ತೆ. ಅದಕ್ಕೇ ಪೇಪರನ್ನ ಮೊದಲೇ ಅದೇ ರೂಮಲ್ಲಿ ನೇತುಹಾಕಿ, ಹೇರ್ ಡ್ರೈಯರ್ ಇಟ್ಕೊಂಡು ಎರಡೂ ಬಣ್ಣ ಒಂದೇ ದಿನ ಮುಗಿಸ್ತೀನಿ.

ಮುಂದಿನದು ಕೆಂಪು ಹಸಿರು ಜೋಡಿ. ನೀವು ಯಾರಾದ್ರೂ ಮಾಡಿದ್ರೆ ಯಾವುದಕ್ಕೆ ಎಷ್ಟು ಬಿಳಿ ಹಿಡೀತು ಅಂತ ಖಂಡಿತ ಬರೀರಿ.