ಮೊದಲು ಗಿಡ, ಆಮೇಲೆ ಚಿಟ್ಟೆ

ಕೇಳುಗರಿಗೆ ನಮಸ್ಕಾರ.

ಪರೀಕ್ಷೆಗಳು ಮುಗಿದಿವೆ, ಮಕ್ಕಳಿಗೆ ಬೇಸಿಗೆ ರಜೆ. ಇಷ್ಟರಲ್ಲೇ ನಿಮ್ಮಲ್ಲಿ ಎಷ್ಟೋ ಜನ ಕೊಡಗು, ಚಿಕ್ಕಮಗಳೂರು, ಶಿರಸಿ, ಆಗುಂಬೆ ಎಂದು ಚೀಲ ಕಟ್ಟಿರುತ್ತೀರಿ. ಇನ್ನು ಕೆಲವರು ಅಜ್ಜಿಯ ಮನೆಗೆ ಹೊರಟಿರುತ್ತೀರಿ. ಹೋದಲ್ಲಿ ಚಿಟ್ಟೆಗಳನ್ನೂ ಅವುಗಳ ಮರಿಹುಳುಗಳನ್ನೂ ನೋಡುವುದು ಹೇಗೆ, ಗುರುತು ಹಿಡಿಯುವುದು ಹೇಗೆ ಎಂದು ಹೇಳಲು ಈ ಹೊತ್ತನ್ನು ನನಗೆ ಕೊಟ್ಟಿದ್ದಾರೆ. ನನ್ನ ಬಳಿ ಇರುವುದು ಒಂದೇ ಮಾತು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ನಡುವೆ ಯಾರಾದರೂ ಬಾಗಿಲು ತಟ್ಟಿ ನೀವು ಎದ್ದು ಹೋದರೂ ನಷ್ಟವಾಗದಿರಲಿ. ಚಿಟ್ಟೆಯ ಹಿಂದೆ ಓಡಬೇಡಿ. ಗಿಡದ ಮುಂದೆ ನಿಲ್ಲಿ. ಮೊದಲು ಗಿಡ, ಆಮೇಲೆ ಚಿಟ್ಟೆ.

ಸಾಮಾನ್ಯವಾಗಿ ನಡೆಯುವುದೇನು? ಕಾರು ನಿಲ್ಲುತ್ತದೆ, ಮಕ್ಕಳು ಇಳಿಯುತ್ತಾರೆ, ಒಂದು ಹಳದಿ ಚಿಟ್ಟೆ ಕಾಣುತ್ತದೆ. ಮಕ್ಕಳು ಅದರ ಹಿಂದೆ, ಮೊಬೈಲ್ ಹಿಡಿದ ಅಪ್ಪ ಮಕ್ಕಳ ಹಿಂದೆ. ಎರಡು ನಿಮಿಷದಲ್ಲಿ ಚಿಟ್ಟೆ ಬೇಲಿ ದಾಟಿರುತ್ತದೆ. ಮೊಬೈಲಿನಲ್ಲಿ ಉಳಿಯುವುದು ಒಂದು ಮಸುಕು ಕಲೆ. ಸಂಜೆ ಆ ಕಲೆಯನ್ನು ನನಗೆ ಕಳುಹಿಸಿ, ‘ಸಾರ್, ಇದು ಯಾವ ಚಿಟ್ಟೆ?’ ಎಂದು ಕೇಳುತ್ತಾರೆ. ನಾನು ಏನು ಹೇಳಲಿ? ‘ಎಲ್ಲಿ ಕುಳಿತಿತ್ತು? ಯಾವ ಗಿಡ?’ ಎಂದು ಕೇಳುತ್ತೇನೆ. ‘ಗಿಡವೇ? ಯಾವುದೋ ಗಿಡ ಸಾರ್’ ಎನ್ನುತ್ತಾರೆ. ಯಾವುದೋ ಗಿಡ ಎಂಬ ಗಿಡ ಲೋಕದಲ್ಲಿ ಇಲ್ಲ, ಸ್ವಾಮಿ.

ವಿಷಯ ಸರಳವಾಗಿದೆ. ಬೆಳೆದ ಚಿಟ್ಟೆ ಹಲವು ಹೂಗಳ ಮಕರಂದ ಕುಡಿದುಕೊಂಡು ಬದುಕುತ್ತದೆ. ಅದರ ಮರಿಹುಳು ಹಾಗಲ್ಲ, ಎಲೆಯ ವಿಷಯದಲ್ಲಿ ಅದು ಬಹಳ ಹಟಮಾರಿ. ಹೆಚ್ಚಿನ ಜಾತಿಯ ಮರಿಹುಳುಗಳಿಗೆ ತಮ್ಮದೇ ಆದ ಕೆಲವೇ ಬಗೆಯ ಗಿಡಗಳು ಆಗಬೇಕು. ಬೇರೆಯದನ್ನು ಕೊಟ್ಟರೆ ಉಪವಾಸ ಸಾಯುತ್ತದೆಯೇ ಹೊರತು ಮುಟ್ಟುವುದಿಲ್ಲ. ಇದು ತಾಯಿಗೆ ಗೊತ್ತು. ಆಕೆ ಎಲೆಯಿಂದ ಎಲೆಗೆ ಹಾರಿ, ಮುಂಗಾಲಿನಿಂದ ಎಲೆಯನ್ನು ತಟ್ಟಿ ನೋಡುತ್ತಾಳೆ. ಚಿಟ್ಟೆಗೆ ರುಚಿ ತಿಳಿಯುವುದು ಕಾಲಿನಿಂದಲೂ ಹೌದು. ಸರಿಯಾದ ಎಲೆ ಎಂದು ಖಾತ್ರಿಯಾದ ಮೇಲೆಯೇ ಮೊಟ್ಟೆ. ಹೀಗಿರುವಾಗ ನೀವು ಗಿಡವನ್ನು ಗುರುತಿಸಿದರೆ ಅರ್ಧ ಕೆಲಸ ಮುಗಿಯಿತು. ಗಿಡ ಹಾರಿಹೋಗುವುದಿಲ್ಲ ಎಂಬ ಅನುಕೂಲವೂ ಇದೆ.

‘ಅಪರೂಪದ್ದು ತೋರಿಸಿ’ ಎನ್ನುವವರೇ ಹೆಚ್ಚು. ಪಶ್ಚಿಮ ಘಟ್ಟಗಳಲ್ಲಿ 330ಕ್ಕೂ ಹೆಚ್ಚು ಬಗೆಯ ಚಿಟ್ಟೆಗಳಿವೆ. ಆದರೆ ಬಂದವರಿಗೆಲ್ಲ ಬೇಕಾದದ್ದು ಒಂದೇ, ಸದರ್ನ್ ಬರ್ಡ್‌ವಿಂಗ್. ನಮ್ಮ ರಾಜ್ಯ ಚಿಟ್ಟೆ, ದೇಶದ ಅತಿ ದೊಡ್ಡ ಚಿಟ್ಟೆಗಳಲ್ಲಿ ಒಂದು. ಮುಂದಿನ ರೆಕ್ಕೆ ಕಪ್ಪು, ಹಿಂದಿನದು ಹೊಳೆಯುವ ಹಳದಿ. ಮರದ ತಲೆಯ ಮೇಲೆ ನಿಧಾನವಾಗಿ ತೇಲಿಹೋದರೆ ಎಂಥವರೂ ಬಾಯಿ ತೆರೆದು ನಿಲ್ಲಬೇಕು, ಒಪ್ಪುತ್ತೇನೆ. ಆದರೆ ಅದನ್ನು ನೋಡುವ ದಾರಿಯೂ ಗಿಡದ ಮೂಲಕವೇ. ಅದರ ಮರಿಹುಳು ತಿನ್ನುವುದು ಈಶ್ವರಿ ಬಳ್ಳಿ ಮತ್ತು ಅದರ ಹತ್ತಿರದ ನೆಂಟ ಬಳ್ಳಿಗಳನ್ನು. ಹಾವಿನ ವಿಷಕ್ಕೆ ಮದ್ದು ಎಂದು ಹಳ್ಳಿಗಳಲ್ಲಿ ಹೇಳುವ ಬಳ್ಳಿ ಇದೇ. ಆ ಬಳ್ಳಿಯನ್ನು ಬುಡಸಮೇತ ಕಿತ್ತರೆ ರಾಜ್ಯ ಚಿಟ್ಟೆಯೂ ಇಲ್ಲ, ಅದೇ ಬಳ್ಳಿಯನ್ನು ನೆಚ್ಚಿದ ಕ್ರಿಮ್ಸನ್ ರೋಸ್ ಚಿಟ್ಟೆಯೂ ಇಲ್ಲ.

ಈ ಅಪರೂಪದ ಹುಚ್ಚಿನ ಬಗ್ಗೆ ಒಂದು ಪ್ರಸಂಗ ಹೇಳಬೇಕು. ಸ್ವಲ್ಪ ಉದ್ದವಾದೀತು, ಸಹಿಸಿಕೊಳ್ಳಿ.

ಒಂದು ಬೇಸಿಗೆಯಲ್ಲಿ ಬೆಂಗಳೂರಿನಿಂದ ಆಗುಂಬೆಗೆ ಒಂದು ತಂಡವನ್ನು ಮಿನಿ ಬಸ್ಸಿನಲ್ಲಿ ಕರೆದುಕೊಂಡು ಹೊರಟಿದ್ದೆ. ಕಡೂರು ದಾಟಿ ಬೀರೂರಿನ ಕಡೆ ಸ್ವಲ್ಪ ದೂರ ಹೋಗುವಷ್ಟರಲ್ಲಿ ಫ್ಯಾನ್ ಬೆಲ್ಟ್ ಹರಿಯಿತು. ಚಾಲಕ ಯಾರದೋ ಬೈಕ್ ಹತ್ತಿ ಹೊಸ ಬೆಲ್ಟ್ ತರಲು ಕಡೂರಿಗೆ ಹೋದ. ಬಯಲುಸೀಮೆಯ ಬಿಸಿಲು. ಒಂದು ಕಡೆ ತೆಂಗಿನ ತೋಟ, ಇನ್ನೊಂದು ಕಡೆ ಕಲ್ಲು, ಒಣಹುಲ್ಲು, ಸಾಲಾಗಿ ಎಕ್ಕದ ಗಿಡಗಳು. ತಂಡದಲ್ಲಿ ಒಬ್ಬ ನಿವೃತ್ತ ಅಧಿಕಾರಿಗಳಿದ್ದರು. ತೋಳಿನಷ್ಟು ಉದ್ದದ ಲೆನ್ಸ್, ಬರ್ಡ್‌ವಿಂಗ್ ಬಿಟ್ಟು ಬೇರೇನೂ ನೋಡುವುದಿಲ್ಲ ಎಂಬ ಸಂಕಲ್ಪ. ಅವರು ಬಸ್ಸಿನ ನೆರಳಿನಲ್ಲಿ ನಿಂತು ಗಡಿಯಾರ ನೋಡಿಕೊಳ್ಳುತ್ತಿದ್ದರು.

‘ಬನ್ನಿ, ಎಕ್ಕದ ಗಿಡ ನೋಡೋಣ’ ಎಂದೆ. ‘ಎಕ್ಕವೇ? ನಮ್ಮ ಮನೆಯ ಎದುರಿನ ಖಾಲಿ ನಿವೇಶನದಲ್ಲೇ ಇದೆಯಲ್ಲ, ಅದಕ್ಕೆ ಇಷ್ಟು ದೂರ ಬರಬೇಕಿತ್ತೇ?’ ಎಂದರು. ನನಗೂ ಕೊಂಚ ಸಿಟ್ಟು ಬಂತು, ತೋರಿಸಿಕೊಳ್ಳಲಿಲ್ಲ.

ಅದೇ ತಂಡದಲ್ಲಿ ಶಿಡ್ಲಘಟ್ಟದ ಕಡೆಯ ಒಬ್ಬ ಹಿರಿಯ ಹೆಂಗಸು ಮೊಮ್ಮಗಳನ್ನು ಕರೆದುಕೊಂಡು ಬಂದಿದ್ದರು. ಮನೆಯಲ್ಲಿ ರೇಷ್ಮೆ ಹುಳು ಸಾಕಿದವರು. ಅಲ್ಲಿಯವರೆಗೆ ಒಂದು ಮಾತೂ ಆಡಿರಲಿಲ್ಲ. ಆಕೆ ಸೆರಗು ತಲೆಯ ಮೇಲೆಳೆದುಕೊಂಡು ನೇರವಾಗಿ ಎಕ್ಕದ ಬುಡಕ್ಕೆ ಹೋಗಿ ಕುಕ್ಕರುಗಾಲಿನಲ್ಲಿ ಕುಳಿತರು. ಮೇಲೆ ನೋಡಲಿಲ್ಲ, ನೆಲ ನೋಡಿದರು. ಕೆಳಗೆ ಕಪ್ಪಗೆ ಸಣ್ಣ ಹಿಕ್ಕೆ ಬಿದ್ದಿತ್ತು. ‘ಹಿಕ್ಕೆ ಹಸಿಯಾಗಿದೆ, ಹುಳು ಇದರ ನೇರಕ್ಕೆ ಮೇಲೇ ಇರಬೇಕು’ ಎಂದು ಒಂದು ಎಲೆ ಮಗುಚಿದರು. ಇತ್ತು! ಬಿಳಿ, ಕಪ್ಪು, ಹಳದಿಯ ಪಟ್ಟೆ, ಬೆನ್ನ ಮೇಲೆ ಮೂರು ಜೊತೆ ಕಪ್ಪು ಎಳೆಗಳು. ಪ್ಲೇನ್ ಟೈಗರ್ ಚಿಟ್ಟೆಯ ಮರಿಹುಳು. ಪುಸ್ತಕ ಓದಿ ಬಂದ ಯಾರಿಗೂ ಹೊಳೆಯದ ಉಪಾಯ ಅದು. ಹುಳು ಹುಡುಕಬೇಕಾದರೆ ಹಿಕ್ಕೆ ಹುಡುಕಿ. ಇಂದಿಗೂ ನಾನು ಮಕ್ಕಳಿಗೆ ಹೇಳಿಕೊಡುವುದು ಇದನ್ನೇ.

ಮೊಮ್ಮಗಳು ಇನ್ನೊಂದು ಎಲೆಯ ಅಡಿಯಲ್ಲಿ ಎರಡನೆಯದನ್ನು ಕಂಡು ಬೆರಳು ಚಾಚಿದಳು. ‘ಮುಟ್ಟಬೇಡ ಮಗಾ, ಜ್ವರಕ್ಕೆ ಕೂತಿದೆ’ ಎಂದರು ಅಜ್ಜಿ. ಅಧಿಕಾರಿಗಳು ಬಸ್ಸಿನ ನೆರಳು ಬಿಟ್ಟು ಹತ್ತಿರ ಬಂದರು. ‘ಹುಳುವಿಗೆ ಜ್ವರವೇ?’ ರೇಷ್ಮೆ ಸಾಕುವವರಿಗೆ ಇದು ದಿನನಿತ್ಯದ ಮಾತು. ಹುಳು ಬೆಳೆಯುತ್ತದೆ, ಚರ್ಮ ಬೆಳೆಯುವುದಿಲ್ಲ. ಆಗ ಅದು ಮೇವು ಬಿಟ್ಟು, ಅಲುಗಾಡದೆ ಕುಳಿತು, ಹಳೆಯ ಚರ್ಮ ಕಳಚುತ್ತದೆ. ರೇಷ್ಮೆ ಹುಳುವಿಗೆ ಇಂಥ ಜ್ವರ ನಾಲ್ಕು ಸಲ. ಪ್ಲೇನ್ ಟೈಗರಿಗೂ ನಾಲ್ಕೇ ಸಲ. ‘ತಲೆ ನೋಡಿ, ಮುಂದಕ್ಕೆ ಜಾರಿದೆ. ಇನ್ನೇನು ಏಳುತ್ತದೆ’ ಎಂದರು ಆಕೆ.

ನಾವೆಲ್ಲ ಸುತ್ತ ಕುಳಿತೆವು. ಮೊದಲು ಮೈಯಲ್ಲಿ ಹಿಂದಿನಿಂದ ಮುಂದಕ್ಕೆ ಒಂದು ಅಲೆ. ಮತ್ತೊಂದು ಅಲೆ. ಕತ್ತಿನ ಬಳಿ ಚರ್ಮ ಬಿರಿಯಿತು. ಹುಳು ಮುಂದಕ್ಕೆ ಹೆಜ್ಜೆಯಿಡುತ್ತ ಹೋಯಿತು, ಚರ್ಮ ಹಿಂದಕ್ಕೆ ಸುಕ್ಕಾಗುತ್ತ ಸರಿಯಿತು. ಕೊನೆಗೆ ಉಳಿದದ್ದು ಮುಖದ ಹಳೆಯ ಚಿಪ್ಪು. ತಲೆಯನ್ನು ಎಲೆಗೆ ಉಜ್ಜಿ ಉಜ್ಜಿ ಅದನ್ನೂ ಉದುರಿಸಿತು. ಹೊಸ ತಲೆ ಮಾಸಲು ಬಿಳಿ, ಮೆತ್ತಗೆ. ನೋಡನೋಡುತ್ತ ಅದರ ಮೇಲೆ ಕಪ್ಪು ಪಟ್ಟೆ ಗಾಢವಾಗತೊಡಗಿತು. ಬೆಲ್ಟ್ ತಂದ ಚಾಲಕ ಹಾರ್ನ್ ಹೊಡೆದರೂ ಯಾರೂ ಏಳಲಿಲ್ಲ. ಅಧಿಕಾರಿಗಳಂತೂ ಆ ದೊಡ್ಡ ಲೆನ್ಸ್ ಇಷ್ಟು ಹತ್ತಿರದ ವಸ್ತುವಿಗೆ ಹೊಂದುವುದಿಲ್ಲವೆಂದು ಪೇಚಾಡಿ, ಕೊನೆಗೆ ಮೊಮ್ಮಗಳ ಭೂತಗನ್ನಡಿಯನ್ನು ಸಾಲ ಕೇಳಿದರು.

ಆ ಒಂದೇ ಸಾಲು ಎಕ್ಕದಲ್ಲಿ ನಮಗೆ ಎಲೆಯಡಿಯ ಮುತ್ತಿನ ಬಣ್ಣದ ಮೊಟ್ಟೆ ಸಿಕ್ಕಿತು, ಬೇರೆ ಬೇರೆ ಗಾತ್ರದ ಹುಳುಗಳು ಸಿಕ್ಕವು, ಚಿನ್ನದ ಚುಕ್ಕೆಯಿಟ್ಟ ಹಸಿರು ಕೋಶ ತಲೆಕೆಳಗಾಗಿ ನೇತಾಡುತ್ತಿತ್ತು, ಮೇಲೆ ಕಿತ್ತಳೆ ಬಣ್ಣದ ಚಿಟ್ಟೆಗಳು ಹಾರುತ್ತಿದ್ದವು. ಮೊಟ್ಟೆಯಿಂದ ರೆಕ್ಕೆಯವರೆಗೆ ಪೂರ್ತಿ ಜೀವನ, ಒಂದು ಹರಿದ ಬೆಲ್ಟಿನ ಕೃಪೆಯಿಂದ. ಅವುಗಳಲ್ಲಿ ಒಂದು ಹುಳು ತಿನ್ನುವ ಮೊದಲು ಎಲೆಯ ನರವನ್ನು ಕಚ್ಚಿ ಕತ್ತರಿಸುತ್ತಿತ್ತು. ಎಕ್ಕದ ಹಾಲು ಅಲ್ಲೇ ಸೋರಿಹೋಗಲಿ, ಬಾಯಿಗೆ ಅಂಟದಿರಲಿ ಎಂದು. ಅದು ಸೋರಿದ ಮೇಲೆ ಆಚೆಯ ಭಾಗವನ್ನು ನಿಶ್ಚಿಂತೆಯಿಂದ ಮೇಯುತ್ತದೆ. ಇಷ್ಟೆಲ್ಲ ಮಾಡಿದರೂ ಗಿಡದ ಕಹಿ ವಿಷ ಅದರ ಮೈ ಸೇರುತ್ತದೆ, ಚಿಟ್ಟೆಯಾದ ಮೇಲೂ ಉಳಿಯುತ್ತದೆ. ಒಮ್ಮೆ ತಿಂದು ಕಕ್ಕಿದ ಹಕ್ಕಿ ಇನ್ನೊಮ್ಮೆ ಆ ಕಿತ್ತಳೆ ಬಣ್ಣದ ತಂಟೆಗೆ ಹೋಗುವುದಿಲ್ಲ.

ಈಗ ಗುರುತಿಸುವ ವಿಷಯಕ್ಕೆ ಬರುತ್ತೇನೆ. ಡೆನೈಡ್ ಎಗ್‌ಫ್ಲೈ ಎಂಬ ಇನ್ನೊಂದು ಚಿಟ್ಟೆಯ ಹೆಣ್ಣು ಈ ಪ್ಲೇನ್ ಟೈಗರಿನ ವೇಷವನ್ನೇ ತೊಟ್ಟಿರುತ್ತದೆ. ತನ್ನಲ್ಲಿ ವಿಷವಿಲ್ಲ, ಹಕ್ಕಿಯನ್ನು ಬಣ್ಣದಿಂದಲೇ ಹೆದರಿಸುವ ಹೂಟ. ಹಿಂದಿನ ರೆಕ್ಕೆಯ ಚುಕ್ಕೆ ಎಣಿಸಿ ಬೇರ್ಪಡಿಸಬಹುದು. ಪ್ಲೇನ್ ಟೈಗರಿಗೆ ನಡುವೆ ಮೂರು ನಾಲ್ಕು ಕಪ್ಪು ಚುಕ್ಕೆ, ಎಗ್‌ಫ್ಲೈ ಹೆಣ್ಣಿಗೆ ಮೇಲಂಚಿನಲ್ಲಿ ಒಂದೇ. ಹಾರುತ್ತಿರುವಾಗ ಎಣಿಸುವವರು ಯಾರು? ಆಕೆ ಮೊಟ್ಟೆಯಿಡಲು ಎಲ್ಲಿ ಇಳಿಯುತ್ತಾಳೆ ನೋಡಿ. ಎಕ್ಕಕ್ಕೆ ಇಳಿದರೆ ಪ್ಲೇನ್ ಟೈಗರ್. ನೆಲಕ್ಕಂಟಿದ ಗೋಣಿ ಸೊಪ್ಪಿಗೆ ಇಳಿದರೆ ವೇಷಧಾರಿ. ನಾನು ಹೇಳಿದ್ದು ಅದೇ ಅಲ್ಲವೇ, ಮೊದಲು ಗಿಡ.

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ.

ಅಜ್ಜಿಯ ಮನೆಗೆ ಹೋದವರು ಹಿತ್ತಿಲಿನ ಕರಿಬೇವು ಮತ್ತು ನಿಂಬೆ ಗಿಡಕ್ಕೆ ಹೋಗಿ. ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂಥದ್ದು ಕಂಡರೆ ಒರೆಸಿ ಹಾಕಬೇಡಿ, ಅದು ಕಾಮನ್ ಮಾರ್ಮನ್ ಅಥವಾ ಲೈಮ್ ಚಿಟ್ಟೆಯ ಎಳೆಯ ಮರಿಹುಳು ಇರಬಹುದು. ಬಲಿತ ಮೇಲೆ ಹಸಿರಾಗುತ್ತದೆ. ಮೆಲ್ಲನೆ ಊದಿದರೆ ತಲೆಯ ಹಿಂದಿನಿಂದ ಕವಲೊಡೆದ ಕೆಂಪು ಕೊಂಬು ಹೊರಗೆ ಬರುತ್ತದೆ, ಜೊತೆಗೆ ಘಾಟು ವಾಸನೆ. ಮಾವಿನ ಮರವಿದ್ದರೆ ಕೆಳಗಿನ ಎಲೆಗಳ ನಡುನರವನ್ನು ಗಮನಿಸಿ. ಕಾಮನ್ ಬ್ಯಾರನ್ ಹುಳು ನಡುನರದ ಮೇಲೆ ಉದ್ದಕ್ಕೆ ಮಲಗಿ, ಇಕ್ಕೆಲಕ್ಕೂ ಗರಿಯಂಥ ಮುಳ್ಳು ಹರಡಿಕೊಂಡಿರುತ್ತದೆ. ಕಣ್ಣ ಮುಂದಿದ್ದರೂ ಕಾಣುವುದಿಲ್ಲ. ಕಣಗಿಲೆಯಲ್ಲಿ ಕಾಮನ್ ಕ್ರೋ, ಅದರ ಕೋಶ ಬೆಳ್ಳಿಯ ಮೆರುಗಿನದು. ಹರಳು ಗಿಡದಲ್ಲಿ ಕಾಮನ್ ಕ್ಯಾಸ್ಟರ್. ಕಕ್ಕೆ ಮರ ಈಗ ಹಳದಿ ಹೂ ಬಿಟ್ಟಿರುತ್ತದೆ, ಅದರ ಚಿಗುರಿನಲ್ಲಿ ಎಮಿಗ್ರಂಟ್. ಮರಗಳ ಮೇಲೆ ಹಬ್ಬಿದ ಬಂದಳಿಕೆಯನ್ನು ತೋಟದವರು ಶಪಿಸುತ್ತಾರೆ, ಹಳದಿ ಕೆಂಪಿನ ಜೆಜೆಬೆಲ್ ಹುಟ್ಟುವುದು ಅದರಲ್ಲೇ.

ಯಾವಾಗ ಹೋಗಬೇಕು? ಅಶ್ವಿನಿ, ಭರಣಿ ಮಳೆ ಒಂದೆರಡು ಹನಿ ಬಿದ್ದು ಎಳೆಚಿಗುರು ಬಂದ ಮೇಲೆ ಹುಳುಗಳು ಚೆನ್ನಾಗಿ ಸಿಗುತ್ತವೆ. ಹೊತ್ತು ಬೆಳಿಗ್ಗೆ ಎಂಟರಿಂದ ಹನ್ನೊಂದು. ನಡು ಮಧ್ಯಾಹ್ನ ನೀವೂ ಮಲಗಿ, ಅವನ್ನೂ ಬಿಡಿ. ಮಧ್ಯಾಹ್ನ ಹೊರಗಿರಲೇಬೇಕೆಂದರೆ ಹೊಳೆಯ ದಂಡೆಗೆ ಹೋಗಿ. ಒದ್ದೆ ಮರಳಿನಲ್ಲಿ ಚಿಟ್ಟೆಗಳು ಗುಂಪಾಗಿ ಕುಳಿತು ಉಪ್ಪಿನಂಶ ಹೀರುತ್ತಿರುತ್ತವೆ, ಬಹುತೇಕ ಗಂಡುಗಳು. ಚಿಟ್ಟೆ ಹಿಂದೆ ಓಡದೆ ಸಿಗುವ ಇನ್ನೊಂದು ಜಾಗ ಇದು.

ಮಳೆಗಾಲದಲ್ಲಿ ಪ್ರತಿ ವರ್ಷ ಪತ್ರಿಕೆಗಳಲ್ಲಿ ‘ಅಪರೂಪದ ದೈತ್ಯ ಚಿಟ್ಟೆ ಪತ್ತೆ’ ಎಂಬ ಚಿತ್ರ ಬರುತ್ತದೆ. ಹೆಚ್ಚಿನ ಸಲ ಅದು ಅಟ್ಲಾಸ್ ಪತಂಗ, ಚಿಟ್ಟೆಯಲ್ಲ. ತಲೆಯ ಮುಂದೆ ಚಾಚಿದ ಎರಡು ಎಳೆಗಳಿರುತ್ತವಲ್ಲ, ಆ ಮೀಸೆ ನೋಡಿ ಸಾಕು. ಚಿಟ್ಟೆಯ ಮೀಸೆಯ ತುದಿಯಲ್ಲಿ ಪುಟ್ಟ ಗುಂಡು ಇರುತ್ತದೆ, ಪತಂಗದ್ದು ಗರಿಯಂತೆಯೋ ಬರಿಯ ಎಳೆಯಂತೆಯೋ ಇರುತ್ತದೆ. ಮೈತುಂಬ ಒತ್ತಾಗಿ ರೋಮವಿರುವ ಕಂಬಳಿಹುಳುಗಳೂ ಬಹುತೇಕ ಪತಂಗದ ಮರಿಗಳೇ. ಅವನ್ನು ಮುಟ್ಟಬೇಡಿ, ತುರಿಕೆಯಾಗುತ್ತದೆ.

ಹುಳುವನ್ನು ಡಬ್ಬಿಯಲ್ಲಿ ಹಾಕಿ ಬೆಂಗಳೂರಿಗೆ ತರಬೇಡಿ. ಕೆಲವು ಚಿಟ್ಟೆಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬರುತ್ತವೆ ಎಂಬುದು ಒಂದು. ಅದರ ಗಿಡ ನಿಮ್ಮ ಮನೆಯ ಬಳಿ ಇಲ್ಲ ಎಂಬುದು ಇನ್ನೊಂದು, ನನಗೆ ಅದೇ ದೊಡ್ಡದು. ಎಲೆಯ ಫೋಟೋ, ಗಿಡದ ಫೋಟೋ, ಹುಳುವಿನ ಫೋಟೋ, ಈ ಮೂರನ್ನೂ ತೆಗೆದುಕೊಳ್ಳಿ. ನನಗೆ ಕಳುಹಿಸುವವರು ಗಿಡದ ಫೋಟೋ ಬಿಟ್ಟರೆ ನಾನು ಉತ್ತರಿಸುವುದಿಲ್ಲ, ಈಗಲೇ ಹೇಳಿದ್ದೇನೆ.

ಕೊನೆಯದಾಗಿ, ಎಕ್ಕದ ಎಲೆಯನ್ನು ಮಗುಚುವಾಗ ಹಾಲು ಕೈಗೆ ತಾಗುತ್ತದೆ. ಅದು ಕಣ್ಣಿಗೆ ಬಿದ್ದರೆ ಆಪತ್ತು. ಮಕ್ಕಳ ಕೈಗೆ ಒಂದು ಕಡ್ಡಿ ಕೊಡಿ, ಕಡ್ಡಿಯಿಂದಲೇ ಮಗುಚಲಿ. ಕೈ ಸೋಪಿನಲ್ಲಿ ತೊಳೆದ ಮೇಲೆಯೇ ಬುತ್ತಿ ಬಿಚ್ಚಿ. ನಮಸ್ಕಾರ.