ಮೊದಲು ಕಿವಿಯ ಮೇಲೆ ಕೂರಬೇಕು: ಮನೆ ಸ್ಟುಡಿಯೋಗೆ ಕೈಗೆಟುಕುವ ಹೆಡ್‌ಫೋನ್

ಎಲ್ಲರಿಗೂ ನಮಸ್ಕಾರ.

ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪ, ಸೋಮವಾರಪೇಟೆ ಕಡೆಯಿಂದೆಲ್ಲ ಬಂದಿದ್ದೀರಿ. ಇಲ್ಲಿರುವ ಹೆಚ್ಚಿನವರು ಮನೆಯ ಒಂದು ಕೋಣೆಯಲ್ಲೇ ಹಾಡು, ಕಥೆ, ಪಾಡ್‌ಕಾಸ್ಟ್ ರೆಕಾರ್ಡ್ ಮಾಡುವವರು. ಲ್ಯಾಪ್‌ಟಾಪ್ ಇರುತ್ತದೆ, ಯೋಚನೆ ಮಾಡಿ ಕೊಂಡ ಮೈಕ್ ಇರುತ್ತದೆ, ಮೈಕನ್ನೂ ಹೆಡ್‌ಫೋನನ್ನೂ ಲ್ಯಾಪ್‌ಟಾಪಿಗೆ ಜೋಡಿಸುವ ಆಡಿಯೋ ಇಂಟರ್‌ಫೇಸ್ ಇರುತ್ತದೆ. ಹೆಡ್‌ಫೋನ್ ಮಾತ್ರ ಉಳಿದ ದುಡ್ಡಿನಲ್ಲಿ ಬಂದಿರುತ್ತದೆ, ಅಲ್ವಾ? ನೀವು ಮಾಡುವ ಪ್ರತಿಯೊಂದು ತೀರ್ಮಾನವೂ ಅದರ ಮೂಲಕವೇ ಆಗುತ್ತದೆ. ಅದಕ್ಕೇ ಇವತ್ತಿನ ಮಾತು ಪೂರ್ತಿ ಅದರ ಬಗ್ಗೆ. ಅದರಲ್ಲೂ ಹಿಂಬದಿ ಮುಚ್ಚಿರುವ ಕ್ಲೋಸ್ಡ್ ಬ್ಯಾಕ್ ಹೆಡ್‌ಫೋನ್ ಬಗ್ಗೆ.

ನಾನು ಹೇಳಬೇಕಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಹತ್ತು ಸಾವಿರದ ಆಚೀಚೆ ಖರ್ಚು ಮಾಡುವಾಗ ಡಬ್ಬಿಯ ಮೇಲಿನ ಅಂಕಿಗಳನ್ನು ಬದಿಗಿಡಿ. ಅದು ನಿಮ್ಮ ತಲೆಯ ಮೇಲೆ ಹೇಗೆ ಕೂರುತ್ತದೆ, ಕಿವಿಗೆ ತಾಗುವ ಮೆತ್ತನೆಯ ಪ್ಯಾಡ್ ಹಾಳಾದರೆ ಹೊಸದು ಸಿಗುತ್ತದಾ, ಈ ಎರಡನ್ನು ನೋಡಿ. ಉಳಿದದ್ದೆಲ್ಲ ಆಮೇಲೆ.

ಮುಚ್ಚಿದ್ದೇ ಯಾಕೆ ಬೇಕು? ಹಿಂಬದಿ ತೆರೆದಿರುವ ಹೆಡ್‌ಫೋನ್ ಕೇಳಲು ಬಹಳ ಹಿತ. ಆದರೆ ಅದರ ಶಬ್ದ ಹೊರಗೂ ಬರುತ್ತದೆ. ಕೊಡವರ ಹಾಡು ಬಾಳೊ ಪಾಟ್ ರೆಕಾರ್ಡ್ ಮಾಡುತ್ತಿದ್ದೀರಿ ಎಂದುಕೊಳ್ಳಿ. ಅದರ ಜೊತೆ ಬಾರಿಸುವ ಚರ್ಮವಾದ್ಯ ದುಡಿಯನ್ನು ಮೊದಲೇ ರೆಕಾರ್ಡ್ ಮಾಡಿದ್ದೀರಿ. ಈಗ ಹಾಡುವವರು ಅದನ್ನು ಕಿವಿಯಲ್ಲಿ ಕೇಳುತ್ತಾ ಹಾಡಬೇಕು. ಮೈಕ್ ಇರುವುದು ಬಾಯಿಂದ ಒಂದು ಗೇಣು ದೂರದಲ್ಲಿ. ಕಿವಿಯಿಂದ ಸೋರಿದ ದುಡಿಯ ಪೆಟ್ಟು ನೇರವಾಗಿ ಮೈಕಿಗೆ ಹೋಗುತ್ತದೆ. ಆಮೇಲೆ ದನಿಯ ಏರಿಳಿತ ತಗ್ಗಿಸುವ ಕಂಪ್ರೆಸರ್ ಹಾಕಿ ದನಿಯನ್ನು ಮೇಲೆತ್ತಿದಾಗ ಆ ಸೋರಿಕೆಯೂ ಜೊತೆಗೇ ಮೇಲೆದ್ದು ಬರುತ್ತದೆ. ಹಾಡು ನಿಂತ ಜಾಗದಲ್ಲೆಲ್ಲ ಟಕ್ ಟಕ್ ಎಂದು ಕೇಳುತ್ತದೆ. ಅದನ್ನು ಪೂರ್ತಿ ತೆಗೆಯುವುದು ಕಷ್ಟ. ಹಾಡುವವರಿಗೆ ಮುಚ್ಚಿದ್ದೇ ಬೇಕು ಎನ್ನುವುದು ಇದಕ್ಕೆ.

ಇನ್ನೊಂದು ಕಾರಣ ಹೊರಗಿನ ಗದ್ದಲ. ಇಲ್ಲಿ ಒಂದು ವಿಷಯ ಸರಿಯಾಗಿ ತಿಳಿದಿರಬೇಕು. ಮುಚ್ಚಿದ ಹೆಡ್‌ಫೋನ್ ಎಲ್ಲ ಶಬ್ದವನ್ನೂ ಒಂದೇ ಥರ ತಡೆಯುವುದಿಲ್ಲ. ತೋಟದ ಜೀರುಂಡೆಯ ಚೀರಾಟ ತಾರಕದ ಶಬ್ದ. ಅದನ್ನು ಚೆನ್ನಾಗಿ ತಡೆಯುತ್ತದೆ. ಕಾಫಿ ಕೊಯ್ಲಿನ ಕಾಲದಲ್ಲಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮೋಟರಿನ ಗುಂಯ್ ಶಬ್ದ, ಬೇಸಿಗೆಯಲ್ಲಿ ಕಾಫಿ ಗಿಡಕ್ಕೆ ಸ್ಪ್ರಿಂಕ್ಲರ್ ಹಾಕಿದಾಗ ಡೀಸೆಲ್ ಪಂಪಿನ ಶಬ್ದ, ಇವು ಕೆಳಸ್ತರದವು. ಇವು ಪ್ಯಾಡನ್ನೂ ದಾಟಿ ಒಳಗೆ ಬರುತ್ತವೆ. ಸೆನ್‌ಹೈಸರ್ ಎಚ್‌ಡಿ 280 ಪ್ರೋ 32 ಡೆಸಿಬಲ್‌ವರೆಗೆ ಹೊರಗಿನ ಶಬ್ದ ತಗ್ಗಿಸುತ್ತದೆ ಎಂದು ಕಂಪನಿ ಹೇಳುತ್ತದೆ. ಆ ‘ವರೆಗೆ’ ಎನ್ನುವುದನ್ನು ಗಮನಿಸಿ. ಅದು ಮೇಲ್ಮಿತಿ, ಎಲ್ಲ ಶಬ್ದಕ್ಕೂ ಸಿಗುವ ಲೆಕ್ಕವಲ್ಲ.

ಮಳೆಯ ಬಗ್ಗೆಯೂ ಒಂದು ಮಾತು. ಜೂನ್‌ನಿಂದ ಶೀಟಿನ ಮಾಡಿನ ಮೇಲೆ ಮಳೆ ಬಡಿಯುವಾಗ ಹೆಡ್‌ಫೋನ್ ನಿಮ್ಮ ಕಿವಿಯನ್ನು ಕಾಯುತ್ತದೆ. ಮೈಕನ್ನು ಕಾಯುವುದಿಲ್ಲ. ಕಿವಿಗೆ ಕೇಳಿಸಲಿಲ್ಲ ಎಂದು ರೆಕಾರ್ಡ್ ಮಾಡಿಬಿಟ್ಟರೆ ಫೈಲಿನಲ್ಲಿ ಮಳೆ ಪೂರ್ತಿ ಇರುತ್ತದೆ. ಮೈಕಿಗೆ ಬರುವ ಶಬ್ದದ ಮಟ್ಟ ತೋರಿಸುವ ಮೀಟರ್ ನೋಡಿಕೊಳ್ಳಿ.

ಈಗ ಮುಖ್ಯ ವಿಷಯ. ಮುಚ್ಚಿದ ಹೆಡ್‌ಫೋನಿನಲ್ಲಿ ಬಾಸ್, ಅಂದರೆ ಕೆಳಸ್ತರದ ಶಬ್ದ, ಎಲ್ಲಿಂದ ಬರುತ್ತದೆ? ಒಳಗೆ ಶಬ್ದ ಮಾಡುವ ಪುಟ್ಟ ಸ್ಪೀಕರ್, ಅಂದರೆ ಡ್ರೈವರ್, ಕಿವಿಯ ಸುತ್ತಲಿನ ಸ್ವಲ್ಪ ಗಾಳಿಯನ್ನು ಒತ್ತುತ್ತದೆ, ಎಳೆಯುತ್ತದೆ. ಆ ಗಾಳಿ ಅಲ್ಲೇ ನಿಂತರೆ ಬಾಸ್ ನಿಲ್ಲುತ್ತದೆ. ಪ್ಯಾಡ್ ಮತ್ತು ಚರ್ಮದ ನಡುವೆ ಸಣ್ಣ ಸಂದು ಇದ್ದರೂ ಮೊದಲು ಸೋರಿಹೋಗುವುದು ಕೆಳಸ್ತರದ ಶಬ್ದ. ಮೇಲಿನ ಸ್ವರಗಳು ಹಾಗೇ ಇರುತ್ತವೆ. ಅದಕ್ಕೇ ಒಂದೇ ಹೆಡ್‌ಫೋನನ್ನು ಒಬ್ಬರು ‘ಬಾಸ್ ಜಾಸ್ತಿ’ ಅನ್ನುತ್ತಾರೆ, ಇನ್ನೊಬ್ಬರು ‘ಬಾಸೇ ಇಲ್ಲ’ ಅನ್ನುತ್ತಾರೆ. ಇಬ್ಬರೂ ನಿಜವನ್ನೇ ಹೇಳುತ್ತಿದ್ದಾರೆ. ಅವರವರ ತಲೆ ಬೇರೆ, ದವಡೆ ಬೇರೆ, ಕೂದಲು ಬೇರೆ.

ಕನ್ನಡಕದ ಕಡ್ಡಿ ಪ್ಯಾಡಿನ ಕೆಳಗೆ ಸಂದು ಮಾಡುತ್ತದೆ. ದೊಡ್ಡ ಓಲೆ, ಜುಮಕಿ, ದಪ್ಪ ಜಡೆ ಕೂಡ. ಪರೀಕ್ಷೆ ಸುಲಭ. ಗೊತ್ತಿರುವ ಹಾಡು ಹಾಕಿ, ಕಿವಿ ಮುಚ್ಚುವ ಎರಡೂ ಬಟ್ಟಲನ್ನು, ಅಂದರೆ ಕಪ್ ಎನ್ನುವುದನ್ನು, ಅಂಗೈಯಿಂದ ಮೆಲ್ಲಗೆ ಒತ್ತಿ. ಒತ್ತಿದ ಕೂಡಲೇ ಬಾಸ್ ತುಂಬಾ ಏರಿದರೆ ಅದು ನಿಮಗೆ ಸರಿಯಾಗಿ ಕೂತಿಲ್ಲ ಎಂದರ್ಥ. ಹಾಗೇ ಮಿಕ್ಸಿಂಗ್‌ಗೆ, ಅಂದರೆ ರೆಕಾರ್ಡ್ ಮಾಡಿದ್ದನ್ನೆಲ್ಲ ಹದವಾಗಿ ಬೆರೆಸಲು, ಕೂತರೆ ಏನಾಗುತ್ತದೆ? ನಿಮಗೆ ದುಡಿಯ ಮೈ ಕೇಳಿಸುವುದಿಲ್ಲ, ಬಾಸ್ ಏರಿಸುತ್ತಾ ಹೋಗುತ್ತೀರಿ. ಬೇರೆಯವರ ಸ್ಪೀಕರಿನಲ್ಲಿ ದುಡಿ ಹಾಡನ್ನೇ ನುಂಗಿಬಿಡುತ್ತದೆ. ಕನ್ನಡಕ ಹಾಕುವವರು ತೆಳು ಕಡ್ಡಿಯ ಕನ್ನಡಕವೊಂದನ್ನು ಕೆಲಸದ ಮೇಜಿಗೆ ಇಟ್ಟುಕೊಂಡರೆ, ಹೆಚ್ಚು ದುಡ್ಡಿನ ಹೆಡ್‌ಫೋನಿಗಿಂತ ಅದರಿಂದಲೇ ಲಾಭ ಜಾಸ್ತಿ.

ಹೆಚ್ಚು ದುಡ್ಡು ಕೊಟ್ಟರೆ ಶಬ್ದ ಒಳ್ಳೆಯದಿರುತ್ತದೆ ಎಂಬ ನಂಬಿಕೆ ಇದೆ. 2017ರಲ್ಲಿ ಯೆರೂನ್ ಬ್ರೇಬಾರ್ಟ್ ಎಂಬ ಸಂಶೋಧಕರು 283 ಹೆಡ್‌ಫೋನ್‌ಗಳ ಅಳತೆಗಳನ್ನು ಬೆಲೆಯ ಜೊತೆ ಇಟ್ಟು ನೋಡಿದರು. ಬಾಸ್‌ನಿಂದ ಟ್ರೆಬಲ್‌ವರೆಗಿನ, ಅಂದರೆ ಮೇಲಿನ ಸ್ವರಗಳವರೆಗಿನ ಹದಕ್ಕೂ ಬೆಲೆಗೂ ಸಂಬಂಧವೇ ಕಾಣಲಿಲ್ಲ. ನನಗೆ ಇದು ಬಹಳ ಧೈರ್ಯ ಕೊಡುವ ವಿಷಯ. ಸಣ್ಣ ಬಜೆಟ್ಟಿನಲ್ಲಿ ಇರುವವರು ಕೀಳರಿಮೆ ಪಡಬೇಕಾಗಿಲ್ಲ. ಡಬ್ಬಿಯ ಮೇಲೆ ‘5 ಹರ್ಟ್ಜ್‌ನಿಂದ 40,000 ಹರ್ಟ್ಜ್’ ಎಂದು ಬರೆದಿರುತ್ತಾರಲ್ಲ, ಅದನ್ನೂ ಬಿಡಿ. ಹರ್ಟ್ಜ್ ಎಂದರೆ ಸೆಕೆಂಡಿಗೆ ಎಷ್ಟು ಕಂಪನ ಎಂಬ ಲೆಕ್ಕ. ಮನುಷ್ಯರ ಕಿವಿ ಹೆಚ್ಚೆಂದರೆ 20ರಿಂದ 20,000 ಹರ್ಟ್ಜ್‌ವರೆಗೆ ಕೇಳುತ್ತದೆ, ವಯಸ್ಸಾದಂತೆ ಮೇಲಿನದು ಕಡಿಮೆಯಾಗುತ್ತದೆ. ಆ ಸಾಲು ಶಬ್ದದ ಹದ ಹೇಗಿದೆ ಎಂದು ಹೇಳುವುದೇ ಇಲ್ಲ.

ಹೆಸರು ಹೇಳಿ ಎನ್ನುತ್ತೀರಿ, ಹೇಳುತ್ತೇನೆ. ಹಾಡುವವರ ಕಿವಿಗೆ ಮಾತ್ರ ಒಂದು ಬೇಕಾದರೆ ಆಡಿಯೋ ಟೆಕ್ನಿಕಾ ಎಂ20ಎಕ್ಸ್ ಸಾಕು. ನಾನು ಹೆಸರಿಸುವವುಗಳಲ್ಲಿ ಅದೇ ಅಗ್ಗದ್ದು. ವೈರ್ ಬಿಚ್ಚಲು ಬರುವುದಿಲ್ಲ, ಅದೊಂದು ಕೊರತೆ. ಒಂದೇ ಹೆಡ್‌ಫೋನಿನಲ್ಲಿ ಹಾಡುವುದೂ ಮಿಕ್ಸ್ ಮಾಡುವುದೂ ಆಗಬೇಕಾದರೆ ಸ್ವಲ್ಪ ಕೂಡಿಟ್ಟು ಎಂ40ಎಕ್ಸ್ ತೆಗೆದುಕೊಳ್ಳಿ. ಹದ ಸಮವಾಗಿದೆ, ವೈರ್ ಬಿಚ್ಚಿ ಬದಲಿಸಬಹುದು. ಮಾತಿನ ಕೆಲಸ ಮಾಡುವವರಿಗೆ, ಅಂದರೆ ಕಥೆ ಓದುವವರು, ಸಂದರ್ಶನ ಮಾಡುವವರಿಗೆ, ಸೋನಿ ಎಂಡಿಆರ್ 7506. 1991ರಿಂದ ಮಾರಾಟದಲ್ಲಿದೆ, ರೇಡಿಯೋ ಮತ್ತು ಸಿನಿಮಾ ಶಬ್ದದ ಕೆಲಸದವರ ಕಿವಿಯಲ್ಲಿ ಇವತ್ತಿಗೂ ಇದೆ. ಅದರ ಟ್ರೆಬಲ್ ಚುರುಕು. ನಾಲಿಗೆಯ ಚಪ್ಪರಿಕೆ, ಮೈಕಿನ ಹಿಸ್, ಹಾಳೆ ತಿರುವಿದ ಸದ್ದು, ಎಲ್ಲವನ್ನೂ ತೋರಿಸಿಕೊಡುತ್ತದೆ. ಅದೇ ಕಾರಣಕ್ಕೆ ಸಂಜೆ ಆರಾಮವಾಗಿ ಹಾಡು ಕೇಳಲು ಕೂತರೆ ಬೇಗ ಆಯಾಸವೂ ಆಗುತ್ತದೆ. ಮನೆಯಲ್ಲಿ ಗದ್ದಲ ಜಾಸ್ತಿ ಇರುವವರಿಗೆ ಎಚ್‌ಡಿ 280 ಪ್ರೋ. ತಲೆಯನ್ನು ಬಿಗಿಯಾಗಿ ಹಿಡಿಯುತ್ತದೆ, ಕನ್ನಡಕದವರು ಮೊದಲು ಹಾಕಿ ನೋಡಲೇಬೇಕು.

ಬೆಯರ್‌ಡೈನಾಮಿಕ್ ಡಿಟಿ 770 ಪ್ರೋ ಕೊಳ್ಳಬಹುದಾ ಎಂದು ತುಂಬಾ ಜನ ಕೇಳುತ್ತಾರೆ. ಬೆಲೆ ಮೇಲಿನವುಗಳಿಗಿಂತ ಜಾಸ್ತಿ, ಆದರೆ ಗಂಟೆಗಟ್ಟಲೆ ಹಾಕಿಕೊಳ್ಳಲು ಅದರಷ್ಟು ಹಿತವಾದದ್ದು ಕಡಿಮೆ. ಅದು 32, 80, 250 ಓಮ್ ಎಂದು ಬೇರೆ ಬೇರೆ ಬರುತ್ತದೆ. ಓಮ್ ಎಂದರೆ ಕರೆಂಟಿಗೆ ಒಡ್ಡುವ ತಡೆಯ ಅಳತೆ. ಇಲ್ಲಿ ಎಚ್ಚರ ಬೇಕು. 250 ಓಮ್‌ನದಕ್ಕೆ ಜಾಸ್ತಿ ವೋಲ್ಟೇಜ್ ಬೇಕು. ಫೋನಿಗೆ ಚುಚ್ಚಿದರೆ ದನಿ ಮೇಲೇಳುವುದೇ ಇಲ್ಲ, ಯುಎಸ್‌ಬಿ ಕರೆಂಟಿನಲ್ಲೇ ನಡೆಯುವ ಸಣ್ಣ ಇಂಟರ್‌ಫೇಸಿಗೂ ಕಷ್ಟ. ಇಂಟರ್‌ಫೇಸ್ ಇದ್ದವರು 80, ಫೋನಿನಲ್ಲೂ ಕೇಳುವವರು 32. ನಾನು ಮೊದಲು ಹೇಳಿದ ನಾಲ್ಕೂ ಸುಮಾರು 35ರಿಂದ 64 ಓಮ್ ಒಳಗಿನವು, ಅವಕ್ಕೆ ಈ ಚಿಂತೆ ಇಲ್ಲ.

ಬ್ಲೂಟೂತ್ ಬೇಡ. ಹಾಡು ಕೇಳಲು ಪರವಾಗಿಲ್ಲ, ರೆಕಾರ್ಡಿಂಗ್‌ಗೆ ಆಗುವುದಿಲ್ಲ. ಶಬ್ದ ಸಾಮಾನ್ಯವಾಗಿ ಸೆಕೆಂಡಿನ ಹತ್ತನೇ ಒಂದು ಭಾಗ, ಎಷ್ಟೋ ಸಲ ಅದಕ್ಕಿಂತಲೂ ತಡವಾಗಿ ಕಿವಿಗೆ ಬರುತ್ತದೆ. ತಾಳ ಹಿಡಿದು ಹಾಡುವವರಿಗೆ ಅಷ್ಟು ತಡವಾದರೆ ಹಾಡಲು ಬರುವುದಿಲ್ಲ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಇಲ್ಲದ ಊರುಗಳು ನಮ್ಮಲ್ಲಿವೆ. ವೈರಿನ ಹೆಡ್‌ಫೋನಿಗೆ ಚಾರ್ಜ್ ಬೇಕಿಲ್ಲ.

ಇನ್ನು ತೇವ. ಬೇರೆ ಊರಿನವರು ಬರೆದ ಸಲಹೆ ಓದಿ ಹೆಡ್‌ಫೋನ್ ಕೊಂಡಾಗ ನಮಗೆ ಸಿಗದೇ ಹೋಗುವ ಮಾಹಿತಿ ಇದೇ. ಮಡಿಕೇರಿಯಲ್ಲಿ ಸಾಮಾನ್ಯ ವರ್ಷದಲ್ಲೇ 3,000 ಮಿಲಿಮೀಟರ್ ದಾಟಿ ಮಳೆ. ತಿಂಗಳುಗಟ್ಟಲೆ ಬಟ್ಟೆ ಒಣಗುವುದಿಲ್ಲ, ಚಪ್ಪಲಿಗೆ, ಬೆಲ್ಟಿಗೆ ಬೂಷ್ಟು ಹಿಡಿಯುತ್ತದೆ. ಹೆಡ್‌ಫೋನ್ ಪ್ಯಾಡಿನ ಮೇಲಿನ ಕೃತಕ ಚರ್ಮ ಹೆಚ್ಚಾಗಿ ಪಾಲಿಯುರೆಥೇನ್. ತೇವ ಮತ್ತು ಬೆವರು ಸೇರಿ ಅದನ್ನು ನಿಧಾನವಾಗಿ ಒಡೆಯುತ್ತವೆ. ಮೊದಲು ಅಂಟಂಟಾಗುತ್ತದೆ, ಆಮೇಲೆ ಕಪ್ಪು ಚೂರುಗಳು ಕಿವಿಗೆ, ಕೆನ್ನೆಗೆ ಅಂಟುತ್ತವೆ. ಒಳಗಿನ ಫೋಮ್ ಕುಸಿಯುತ್ತದೆ. ಸಂದು ಬೀಳುತ್ತದೆ, ಬಾಸ್ ಹೋಗುತ್ತದೆ. ಆಗ ಎಷ್ಟೋ ಜನ ‘ಸ್ಪೀಕರ್ ಹೋಗಿದೆ’ ಎಂದುಕೊಂಡು ಒಳ್ಳೆಯ ಹೆಡ್‌ಫೋನನ್ನೇ ಮೂಲೆಗೆ ಹಾಕುತ್ತಾರೆ. ಹೋಗಿರುವುದು ಪ್ಯಾಡ್ ಮಾತ್ರ!

ಅದಕ್ಕೇ ಕೊಳ್ಳುವ ಮೊದಲೇ ಆ ಮಾಡೆಲ್‌ನ ಪ್ಯಾಡ್ ಬಿಡಿಯಾಗಿ ಸಿಗುತ್ತದಾ ಎಂದು ಹುಡುಕಿ. 7506, ಆಡಿಯೋ ಟೆಕ್ನಿಕಾ ಎಂ ಸರಣಿ, ಡಿಟಿ 770 ಇವುಗಳಿಗೆ ಸುಲಭವಾಗಿ ಸಿಗುತ್ತದೆ, ಮನೆಯಲ್ಲೇ ಹಾಕಬಹುದು. ಆದಷ್ಟು ಮೂಲ ಕಂಪನಿಯದ್ದೇ ಹಾಕಿ. ದಪ್ಪ, ಮೆತ್ತನೆ, ತೂತು ಸ್ವಲ್ಪ ಬೇರೆಯಾದರೂ ಶಬ್ದದ ಹದ ಬದಲಾಗುತ್ತದೆ. ಡಿಟಿ 770ರ 80 ಮತ್ತು 250 ಓಮ್‌ನವಕ್ಕೆ ಕಂಪನಿಯೇ ವೆಲ್ವೆಟ್ಟಿನಂಥ ಬಟ್ಟೆಯ ಪ್ಯಾಡ್ ಕೊಡುತ್ತದೆ, ಅದು ಸುಲಿಯುವುದಿಲ್ಲ. ಅದನ್ನು ನೋಡಿ ಬೇರೆ ಹೆಡ್‌ಫೋನಿಗೂ ಬಟ್ಟೆಯ ಪ್ಯಾಡ್ ಹಾಕಿದರೆ ಗಾಳಿ ಸೋರಿ ಬಾಸ್ ಕಡಿಮೆಯಾಗುವುದು ಸಾಮಾನ್ಯ.

ಕೆಲಸ ಮುಗಿದ ಮೇಲೆ ಪ್ಯಾಡನ್ನು ಒಣ ಬಟ್ಟೆಯಲ್ಲಿ ಒರೆಸಿ, ಸ್ವಲ್ಪ ಹೊತ್ತು ಗಾಳಿಗೆ ಬಿಡಿ. ಆಮೇಲೆ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಬಣ್ಣ ಬದಲಾಗುವ ಸಿಲಿಕಾ ಜೆಲ್ ತಂದರೆ ತೇವ ತುಂಬಿದ್ದು ಕಣ್ಣಿಗೇ ಕಾಣುತ್ತದೆ, ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಬಹುದು. ಒಲೆಯ ಹತ್ತಿರ ಹೆಡ್‌ಫೋನ್ ನೇತುಹಾಕಬೇಡಿ, ಹೊಗೆಯೂ ಶಾಖವೂ ಫೋಮಿಗೆ ಒಳ್ಳೆಯದಲ್ಲ. ಜ್ಯಾಕ್ ಕಪ್ಪಾಗಿ ಕರಕರ ಶಬ್ದ ಬಂದರೆ ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಬಟ್ಟೆಯಿಂದ ಒರೆಸಿ.

ಮುಚ್ಚಿದ ಹೆಡ್‌ಫೋನಿನಲ್ಲಿ ಮಾಡಿದ ಮಿಕ್ಸನ್ನು ಅದರಲ್ಲೇ ಮುಗಿಸಬೇಡಿ. ಫೋನಿನ ಸ್ಪೀಕರಿನಲ್ಲಿ ಕೇಳಿ, ಜೀಪಿನ ಸ್ಟೀರಿಯೋದಲ್ಲಿ ಕೇಳಿ. ನಿಮ್ಮ ಹಾಡನ್ನು ಜನ ಕೇಳುವುದು ಅಲ್ಲೇ ತಾನೇ?

ವಾಲ್ಯೂಮ್ ವಿಷಯಕ್ಕೆ ನಾನು ಸ್ವಲ್ಪ ಗಟ್ಟಿಯಾಗೇ ಹೇಳುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ದೊಡ್ಡವರಿಗೆ 80 ಡೆಸಿಬಲ್ ಆದರೆ ವಾರಕ್ಕೆ 40 ಗಂಟೆ. 3 ಡೆಸಿಬಲ್ ಏರಿದಂತೆಲ್ಲ ಸಮಯ ಅರ್ಧಕ್ಕಿಳಿಯುತ್ತದೆ. 83ಕ್ಕೆ 20 ಗಂಟೆ, 86ಕ್ಕೆ 10 ಗಂಟೆ. ಹೊರಗಿನ ಗದ್ದಲ ತಡೆಯುವ ಹೆಡ್‌ಫೋನ್ ಇದ್ದರೆ ವಾಲ್ಯೂಮ್ ಏರಿಸುವ ಅಗತ್ಯವೇ ಕಡಿಮೆ. ಮಡಿಕೇರಿ ದಸರಾದ ರಾತ್ರಿ ಮಂಟಪಗಳ ಶಬ್ದದ ನಡುವೆ ಓಡಾಡಿದ ಮರುದಿನ ಮಿಕ್ಸಿಂಗ್‌ಗೆ ಕೂರಬೇಡಿ. ಕಿವಿ ಮಂದವಾಗಿರುತ್ತದೆ, ನೀವು ಏರಿಸಿಬಿಡುವ ಟ್ರೆಬಲ್ ಎಲ್ಲರ ಕಿವಿಗೂ ಚುಚ್ಚುತ್ತದೆ.

ಕೊನೆಗೆ ಕೊಳ್ಳುವ ವಿಷಯ. ಸ್ಟುಡಿಯೋ ಹೆಡ್‌ಫೋನನ್ನು ಹಾಕಿ ನೋಡಿ ತೆಗೆದುಕೊಳ್ಳುವುದು ನಮ್ಮ ಕಡೆ ಕಷ್ಟ. ಹೆಚ್ಚಿನವರು ಆನ್‌ಲೈನ್‌ನಲ್ಲೇ ತರಿಸುತ್ತಾರೆ. ಹೆಸರಾಂತ ಮಾಡೆಲ್‌ಗಳಿಗೆ ನಕಲಿಯೂ ಇದೆ. ಬೆಲೆ ನಂಬಲಾಗದಷ್ಟು ಕಡಿಮೆ ಇದ್ದರೆ ಸುಮ್ನೆ ಬಿಟ್ಟುಬಿಡಿ. ಅಧಿಕೃತ ಮಾರಾಟಗಾರರಿಂದಲೇ ತರಿಸಿ, ಬಿಲ್ ಇಟ್ಟುಕೊಳ್ಳಿ, ವಾಪಸ್ ಕೊಡಲು ಎಷ್ಟು ದಿನ ಇದೆ ಎಂದು ಮೊದಲೇ ಓದಿ. ಆ ದಿನಗಳೊಳಗೆ ಒಂದು ಸಂಜೆ ಪೂರ್ತಿ ಹಾಕಿಕೊಂಡು ಕೆಲಸ ಮಾಡಿ. ಕಿವಿಯ ತುದಿ ನೋಯುತ್ತದಾ, ನೆತ್ತಿ ಒತ್ತುತ್ತದಾ ಗೊತ್ತಾಗುತ್ತದೆ. 20ರಿಂದ 200 ಹರ್ಟ್ಜ್‌ವರೆಗೆ ನಿಧಾನವಾಗಿ ಏರುವ ಟೋನ್ ಹಾಕಿ, ಒಂದು ಕಪ್ಪಿನಲ್ಲಿ ಮಾತ್ರ ಗಿರಗಿರ ಬಂದರೆ ವಾಪಸ್ ಕಳಿಸಿ. ನಿಮ್ಮದೇ ದನಿಯ ರೆಕಾರ್ಡಿಂಗ್ ಕೇಳಿ.

ಇವತ್ತು ಈ ಮೇಜಿನ ಮೇಲೆ ನಾನು ಹೆಸರಿಸಿದ ಕೆಲವು ಇಟ್ಟಿದ್ದೇನೆ, ಜೊತೆಗೆ ಒಂದು ಇಂಟರ್‌ಫೇಸ್. ಫೋನಿನಲ್ಲಿ ನಿಮ್ಮ ರೆಕಾರ್ಡಿಂಗ್ ಇದ್ದರೆ ತನ್ನಿ, ಅದನ್ನೇ ಹಾಕೋಣ. ಕನ್ನಡಕದವರೂ ಜುಮಕಿ ಹಾಕಿದವರೂ ಮೊದಲು ಬನ್ನಿ. ಪ್ರಶ್ನೆಗಳನ್ನು ಹಾಕಿ ನೋಡುತ್ತಲೇ ಕೇಳಿ.