ಥೆಸಲೊನಿಕಿಯ ಕ್ಯಾಂಪಸ್ಸಿನ ಕೆಳಗೆ

ಎಲ್ಲರಿಗೂ ನಮಸ್ಕಾರ.

ಯಹೂದಿಗಳ ಬಗ್ಗೆ ತಿಳಿಯಬೇಕು ಅಂತ ಯುರೋಪಿಗೆ ಹೊರಡುವ ವಿದ್ಯಾರ್ಥಿಗಳು ಹೆಚ್ಚಾಗಿ ಪೋಲೆಂಡಿಗೆ, ನಾಜಿಗಳ ಸಾವಿನ ಶಿಬಿರವಿದ್ದ ಆಶ್ವಿಟ್ಜ್‌ಗೆ ಹೋಗುತ್ತಾರೆ. ಹೋಗಲೇಬೇಕಾದ ಜಾಗ, ತಕರಾರಿಲ್ಲ. ಆದರೆ ಅಲ್ಲಿ ಕಾಣುವುದು ಅವರನ್ನು ಹೇಗೆ ಕೊಂದರು ಅನ್ನೋದು. ಏನು ಉಣ್ಣುತ್ತಿದ್ದರು, ಯಾವ ಭಾಷೆಯಲ್ಲಿ ಜಗಳ ಆಡುತ್ತಿದ್ದರು, ಹೊಟ್ಟೆಪಾಡಿಗೆ ಏನು ಮಾಡುತ್ತಿದ್ದರು? ಅದಕ್ಕೆ ಗ್ರೀಸಿನ ಥೆಸಲೊನಿಕಿಗೆ ಹೋಗಿ ಅಂತೀನಿ ನಾನು.

1492ರಲ್ಲಿ ಸ್ಪೇನಿನ ರಾಜ ರಾಣಿ ಯಹೂದಿಗಳಿಗೆ ಮತ ಬದಲಿಸಿ, ಇಲ್ಲವೇ ದೇಶ ಬಿಡಿ ಅಂದರು. ಗಂಟುಮೂಟೆ ಕಟ್ಟಿ ಹೊರಟವರಲ್ಲಿ ಸಾವಿರಾರು ಜನ ಆಗ ಆಟೊಮನ್ ತುರ್ಕರ ಸುಲ್ತಾನರ ಕೈಯಲ್ಲಿದ್ದ ಈ ಬಂದರಿಗೆ ಬಂದರು. ಅವರ ಭಾಷೆ ಲಡಿನೊ, ಹಳೆಯ ಸ್ಪ್ಯಾನಿಷ್ಷೇ, ಬರೆಯುತ್ತಿದ್ದದ್ದು ಮಾತ್ರ ಹೀಬ್ರೂ ಅಕ್ಷರದಲ್ಲಿ. 450 ವರ್ಷ ಈ ಊರಿನ ಬೀದಿಗಳಲ್ಲಿ ಅದು ಕೇಳಿಸುತ್ತಿತ್ತು. ಬಂದರಿನ ಹಮಾಲಿಗಳಲ್ಲಿ ಯಹೂದಿಗಳೇ ಜಾಸ್ತಿ. ಹಾಗಾಗಿ ಶನಿವಾರ, ಅವರ ಸಬ್ಬತ್ ದಿನ, ಇಡೀ ಬಂದರಿಗೇ ರಜೆ! ಯಹೂದಿ ಅಂದರೆ ಬಡ್ಡಿ ಸಾಹುಕಾರ ಅಂದುಕೊಂಡವರು ಈ ಹಮಾಲಿಗಳ ಕಥೆ ಕೇಳಬೇಕು.

ಅವರ ಅಡುಗೆಮನೆಗೂ ಒಮ್ಮೆ ಇಣುಕೋಣ. ಸಬ್ಬತ್‌ನಲ್ಲಿ ಒಲೆ ಹಚ್ಚುವಂತಿಲ್ಲ. ಅದಕ್ಕೆ ಶುಕ್ರವಾರ ಕತ್ತಲಾಗುವ ಮುಂಚೆಯೇ ಮೊಟ್ಟೆಗಳನ್ನು ಈರುಳ್ಳಿ ಸಿಪ್ಪೆಯ ಜೊತೆ ನೀರಿಗೆ ಹಾಕಿ, ಸಣ್ಣ ಉರಿಯಲ್ಲಿ ರಾತ್ರಿಯಿಡೀ ಬಿಟ್ಟುಬಿಡುತ್ತಿದ್ದರು. ಬೆಳಗ್ಗೆ ಸುಲಿದರೆ ಒಳಗಿನ ಬಿಳಿಯೂ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಉಯೆವೋಸ್ ಹಾಮಿನಾದೋಸ್ ಅಂತ ಹೆಸರು. ಎಲ್ಲಾದರೂ ಸಿಕ್ಕರೆ ಬಿಡಬೇಡಿ.

ಈಗ ಕ್ಯಾಂಪಸ್ಸಿಗೆ ಬರೋಣ. ಅರಿಸ್ಟಾಟಲ್ ವಿಶ್ವವಿದ್ಯಾಲಯ ನಿಂತಿರುವುದು ಯಹೂದಿಗಳ ಹಳೆಯ ಸ್ಮಶಾನದ ಮೇಲೆ. ಅಂದಾಜು ಮೂರು ಲಕ್ಷಕ್ಕೂ ಹೆಚ್ಚು ಗೋರಿಗಳು ಅಲ್ಲಿದ್ದವು. 1942ರ ಡಿಸೆಂಬರಿನಲ್ಲಿ ಅವನ್ನು ಒಡೆಯಲು ಶುರು ಮಾಡಿದರು. ಊರು ಜರ್ಮನ್ನರ ಕೈಯಲ್ಲಿತ್ತು, ಒಪ್ಪಿಗೆ ಅವರದು. ಒಡೆಸಿದ್ದು ಮಾತ್ರ ಊರಿನ ಆಡಳಿತ. ಗೋರಿಕಲ್ಲುಗಳು ಕಟ್ಟಡಕ್ಕೆ, ರಸ್ತೆಗೆ, ಚರ್ಚ್ ರಿಪೇರಿಗೆ ಹೋದವು. 1943ರ ಮಾರ್ಚ್ 15ಕ್ಕೆ ಊರಿನ ಯಹೂದಿಗಳನ್ನು ತುಂಬಿಕೊಂಡು ಆಶ್ವಿಟ್ಜ್ ಕಡೆಗೆ ಮೊದಲ ರೈಲು ಹೊರಟಿತು. ಸುಮಾರು 50 ಸಾವಿರವಿದ್ದ ಸಮುದಾಯದಲ್ಲಿ ಯುದ್ಧದ ನಂತರ ಉಳಿದವರು 2 ಸಾವಿರದ ಆಸುಪಾಸು. ಆಮೇಲೆ ಆ ಜಾಗದಲ್ಲೇ ಕ್ಲಾಸ್‌ರೂಮುಗಳು ಎದ್ದವು. ಕ್ಯಾಂಪಸ್ಸಿನಲ್ಲಿ ಒಂದು ಸ್ಮಾರಕ ಬರಲು 2014 ಬೇಕಾಯಿತು.

ಆಶ್ವಿಟ್ಜ್‌ನಲ್ಲಿ ನಿಂತಾಗ 'ಇದು ನಾಜಿಗಳು ಮಾಡಿದ್ದು' ಅಂದು ನಾವು ಪಾರಾಗಬಹುದು. ಇಲ್ಲಿ ಹಾಗಲ್ಲ. ಜಾಗ ಸಿಕ್ಕಿದ್ದು ಒಂದು ವಿದ್ಯಾಲಯಕ್ಕೆ, ಪಾಠ ಕೇಳಿದ್ದು ನಿಮ್ಮಂಥ ಹುಡುಗ ಹುಡುಗಿಯರು, ಪಾಠ ಹೇಳಿದ್ದು ನಮ್ಮಂಥ ಮೇಷ್ಟ್ರುಗಳು. ಓದಿದವರು 70 ವರ್ಷ ಯಾಕೆ ಸುಮ್ಮನಿದ್ದರು? ಈ ಪ್ರಶ್ನೆಯನ್ನು ಅಲ್ಲಿನ ವಿದ್ಯಾರ್ಥಿಗಳ ಜೊತೆ ಕೂತು ಮಾತಾಡಿ. ಜಗಳವಾದರೂ ಪರವಾಗಿಲ್ಲ.

ಇನ್ನು ನಾಲ್ಕು ಕೆಲಸದ ಮಾತು. ಯಹೂದಿ ಮ್ಯೂಸಿಯಂ ಶನಿವಾರ ಮುಚ್ಚಿರುತ್ತದೆ. 1927ರ ಮೊನಾಸ್ಟಿರ್ ಪ್ರಾರ್ಥನಾಮಂದಿರ ನೋಡಿ. ಯುದ್ಧದ ವೇಳೆ ರೆಡ್ ಕ್ರಾಸ್ ಬಳಸುತ್ತಿದ್ದರಿಂದ ಅದು ಉಳಿಯಿತು. ಮೊದಲೇ ಬರೆದು ಕೇಳಿ, ಪಾಸ್‌ಪೋರ್ಟ್ ಇಟ್ಟುಕೊಳ್ಳಿ, ಗಂಡಸರು ತಲೆಗೆ ಟೋಪಿ ಹಾಕಿ. ಇವತ್ತೂ ಅಲ್ಲಿ ಒಂದು ಸಣ್ಣ ಸಮುದಾಯ ಬದುಕುತ್ತಿದೆ. ಅವರ ಹತ್ತಿರ ಬರೀ ಸಾವಿನ ಕಥೆ ಕೇಳಬೇಡಿ. ಮಕ್ಕಳ ಸ್ಕೂಲು, ಹಬ್ಬ, ಮದುವೆ ಊಟ, ಇದನ್ನೂ ಕೇಳಿ.

ಸರಿ, ಈಗ ನಿಮ್ಮ ಪ್ರಶ್ನೆಗಳು.